ಮೆಂತ್ಯದ ಬುಟ್ಟಿ ಪಾಯೆತೆಗೆ ಹೋದದ್ದು

ಮನಿಲಾ

ಮನಿಲಾ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಕೈಯಲ್ಲಿದ್ದ ಗಂಟನ್ನು ಎರಡು ಸಲ ಮೂಸಿದ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು ಅದು. ತಿನ್ನುವ ಪದಾರ್ಥವೇ ಎಂದು ಕೇಳಿದ. ಅಲ್ಲ, ಕಾಗದ ಎಂದೆ. ಕಾಗದ ಹೀಗೇಕೆ ನಾರುತ್ತದೆ ಎಂಬ ಪ್ರಶ್ನೆ ಅವನ ಮುಖದ ಮೇಲೇ ಇತ್ತು. ಮೆಂತ್ಯಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಆ ಹೊತ್ತಿಗೆ ನೆನಪಾಗಲಿಲ್ಲ. ಲಿಂಗಸುಗೂರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಚಿತ್ರಕಲೆ ಕಲಿಸಿದವಳು ನಾನು. ಮಾತು ಸಿಗದಿದ್ದರೆ ಚಿತ್ರ ಬರೆಯುವುದು ರೂಢಿ. ಅವನ ಮುಂದಿದ್ದ ಚೀಟಿಯ ಹಿಂದೆ ಬುಟ್ಟಿಯೊಂದನ್ನು ಬರೆದು, ಪಕ್ಕದಲ್ಲಿ ಹೊಟ್ಟೆ ಮುಂದೆ ಬಂದ ಹೆಂಗಸನ್ನೂ ಬರೆದು ತೋರಿಸಿದೆ. ಅವನು ಎರಡೂ ಹುಬ್ಬು ಮೇಲೇರಿಸಿದ. ನನ್ನ ಮೇಲೆ ಸಂಶಯ ಹೆಚ್ಚಾಯಿತೆಂದುಕೊಂಡು ಅಲ್ಲೇ ನಿಂತೆ. ಆ ದೇಶದಲ್ಲಿ ಹುಬ್ಬು ಏರಿಸಿದರೆ ‘ಆಯಿತು’ ಎಂದರ್ಥವಂತೆ. ಹಿಂದೆ ನಿಂತವರು ನನ್ನನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕಾಯಿತು.

ದೇಶ ಬಿಟ್ಟು ಹೊರಟದ್ದು ಇದೇ ಮೊದಲು. ನೋಡುವ ಆಸೆಗೆ ಬಂದವಳಲ್ಲ, ತಂಗಿಯ ಸೀಮಂತಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಕುಬಸಕ್ಕೆ ಬಂದವಳು. ತಂಗಿ ಗಿರಿಜಾಳ ಗಂಡ ಶರಣಪ್ಪ ಸಿಂಧನೂರು ತಾಲೂಕಿನ ಸಾಲಗುಂದದವನು. ಭತ್ತದ ತಳಿಗಳ ಮೇಲೆ ಕೆಲಸ ಮಾಡುತ್ತ ಆರು ವರ್ಷದಿಂದ ಫಿಲಿಪೈನ್ಸಿನ ಲಾಸ್ ಬಾನ್ಯೋಸ್ ಎಂಬ ಊರಲ್ಲಿದ್ದಾನೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಿರಿಜಾ ಬಸುರಾಗಿದ್ದಳು. ವಿಮಾನ ಹತ್ತಬಾರದು ಎಂದು ಡಾಕ್ಟರರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ. ಹಾಗಾಗಿ ತವರೇ ಅವಳ ಹತ್ತಿರ ಹೋಗಬೇಕಾಯಿತು.

ಹೊರಡುವ ಮುಂಚಿನ ಮಸ್ಕಿ

ಆ ಗಂಟಿನ ಕಥೆ ಹೇಳದೆ ಮುಂದೆ ಹೋಗಲಾರೆ.

ನಮ್ಮ ಮನೆಯಲ್ಲಿ ಯಾವ ಹೆಣ್ಣುಮಗಳ ಕುಬಸವಿದ್ದರೂ ಬುತ್ತಿ ಹೋಗುವುದು ಅವ್ವ ಮಾಡಿದ ಕಾಗದದ ಬುಟ್ಟಿಯಲ್ಲಿ. ರದ್ದಿ ಕಾಗದವನ್ನು ಮೂರು ದಿನ ನೀರಲ್ಲಿ ನೆನೆಸಿ, ನೆನೆದ ಮೆಂತ್ಯದ ಜೊತೆ ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡಿ, ಬೋರಲು ಹಾಕಿದ ಗಡಿಗೆಯ ಮೇಲೆ ಅಂಗೈಯಿಂದ ಮೆತ್ತುತ್ತ ಬರುವುದು. ತಳದಿಂದ ಶುರು, ಬಾಯಂಚಿಗೆ ಮುಕ್ತಾಯ. ಒಣಗಿದ ಮೇಲೆ ಗಡಿಗೆಯಿಂದ ಬಿಡಿಸಿದರೆ ಬುಟ್ಟಿ. ಮೆಂತ್ಯದ ಕಹಿಗೆ ಹುಳ ಹತ್ತುವುದಿಲ್ಲ. ಕೂಸು ಹುಟ್ಟಿದ ಮೇಲೆ ಅದರ ಕುಂಚಿಗೆ, ಅಂಗಿ ಎಲ್ಲ ಅದೇ ಬುಟ್ಟಿಯಲ್ಲಿ. ಮಾಡುವುದು ಅವ್ವ, ಬಣ್ಣ ಹಚ್ಚುವುದು ನಾನು. ನಾನು ಆರನೆಯ ಇಯತ್ತೆಯಲ್ಲಿದ್ದಾಗಿನಿಂದ ಈ ಪಾಲುಗಾರಿಕೆ ನಡೆದುಬಂದಿದೆ.

ಗಿರಿಜಾಳಿಗೆ ಮೂರು ತಿಂಗಳು ಎಂಬ ಸುದ್ದಿ ಬಂದ ವಾರವೇ ಅವ್ವ ಗಡಿಗೆ ಬೋರಲು ಹಾಕಿದಳು. ಬುಟ್ಟಿ ಅರ್ಧವಾಗಿತ್ತು. ಒಂದು ಮುಂಜಾನೆ ಲಕ್ವಾ ಹೊಡೆದು ಅವ್ವನ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಅರ್ಧವಾಯಿತು. ಆಮೇಲೆ ಏನು ಬೇಕಾದರೂ ತುಟಿ ಮುಂದೆ ಚಾಚಿ ತೋರಿಸುತ್ತಾಳೆ: ನೀರು ಅಲ್ಲಿದೆ, ಬಾಗಿಲು ಹಾಕು, ಅವನನ್ನು ಕರೆ. ಮಸ್ಕಿಯ ಮನೆಯಲ್ಲಿ ಅವಳ ಜೊತೆ ಇರುವವಳು ನಮ್ಮ ಚಿಗವ್ವ ಈರಮ್ಮ, ಅಂದರೆ ಕಾಕಾನ ಹೆಂಡತಿ. ನಾನು ಭಾನುವಾರಕ್ಕೊಮ್ಮೆ ಲಿಂಗಸುಗೂರಿನಿಂದ ಹೋಗಿ ಬರುತ್ತಿದ್ದೆ.

ಆ ದಿನಗಳಲ್ಲಿ ಬುಟ್ಟಿ ನನ್ನ ಕಣ್ಣಿಗೆ ಬೀಳಲಿಲ್ಲ; ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಹೋದಾಗ ಅದು ಪೂರ್ತಿಯಾಗಿ ಅಟ್ಟದ ಕೆಳಗೆ ಒಣಗುತ್ತಿತ್ತು. ಚಿಗವ್ವ ಮುಗಿಸಿದ್ದಾಳೆ ಎಂದುಕೊಂಡೆ. ಕೇಳಲೂ ಇಲ್ಲ. ಕೈಗೆತ್ತಿಕೊಂಡು ನೋಡಿದರೆ ತಳದ ಅರ್ಧ ಅವ್ವನ ಕೆಲಸ, ನಯವಾಗಿ ಒಂದೇ ಸಮ. ಮೇಲಿನ ಅರ್ಧ ಮಾತ್ರ ತಗ್ಗು ದಿಣ್ಣೆ.

“ಚಿಗವ್ವ ಎಷ್ಟು ಒರಟ ಮಾಡ್ಯಾಳ ನೋಡವ್ವ,” ಎಂದೆ. “ಹೊಲದಾಗಿನ ಹೆಂಟಿ ಇದ್ದಂಗ ಆಗೇತಿ. ನಾ ಎಲ್ಲಾ ಮುಚ್ಚಿ ಸರಿ ಮಾಡ್ತೀನಿ ಬಿಡು.”

ಅವ್ವ ಮಲಗಿದಲ್ಲಿಂದಲೇ ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಎಡಗೈ ಸೆರಗಿನೊಳಗಿತ್ತು.

ನಾನು ಶಾಲೆಯ ಸೀಮೆಸುಣ್ಣದ ಚೂರುಗಳನ್ನೆಲ್ಲ ಪುಡಿ ಮಾಡಿ, ಗೋಂದಿನಲ್ಲಿ ಕಲಸಿ ಆ ತಗ್ಗುಗಳನ್ನು ತುಂಬಿದೆ. ಮರಳುಕಾಗದದಿಂದ ಉಜ್ಜಿ ಕನ್ನಡಿಯಂತೆ ಮಾಡಿ, ಮೇಲೆ ಗಿಳಿ, ಮಾವಿನಕಾಯಿ ಬರೆದೆ. ವಾರ್ನಿಶ್ ಡಬ್ಬಿ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲಿಯೇ ಕೊಂಡು ಹಚ್ಚಿದರಾಯಿತು ಎಂದುಕೊಂಡೆ. ಅವ್ವ ಇನ್ನೊಂದು ಬುಟ್ಟಿ ಮಾಡುವ ಹಾಗಿಲ್ಲ, ಇದೇ ಕಡೆಯದು ಎಂದು ಗೊತ್ತಿತ್ತು. ಅದಕ್ಕೇ ಸಾಮಾನಿನಲ್ಲಿ ಹಾಕದೆ ಎದೆಗವುಚಿಕೊಂಡು ಹೊರಟೆ.

ಲಾಸ್ ಬಾನ್ಯೋಸ್, ಮೊದಲ ದಿನಗಳು

ಎದೆಗವುಚಿಕೊಂಡು ಏನು ಬಂತು? ವಿಮಾನದೊಳಗಿನ ಹುಡುಗಿ ನಗುನಗುತ್ತ ಕಸಿದುಕೊಂಡು ತಲೆಯ ಮೇಲಿನ ಗೂಡಿನಲ್ಲಿಟ್ಟಳು. ಯಾರೋ ಅದರ ಮೇಲೆ ತಮ್ಮ ಪೆಟ್ಟಿಗೆ ನೂಕಿದ್ದರು. ಗಿರಿಜಾಳ ಮನೆಯಲ್ಲಿ ಗಂಟು ಬಿಚ್ಚಿದಾಗ ಬುಟ್ಟಿಯ ನಡುವಿನಲ್ಲಿ ಸುತ್ತಲೂ ಬಿರುಕು ಬಿಟ್ಟಿತ್ತು. ಒಂದು ಕಡೆ ನಾಲ್ಕು ಬೆರಳು ಹೋಗುವಷ್ಟು ಬಾಯಿ.

ಗಿರಿಜಾ ಸಣ್ಣವಳಿದ್ದಾಗಿನಿಂದ ಅಳುವ ಕಡೆ ನಗುವವಳು. “ಅಕ್ಕ, ಇದೂ ನನ್ನಂಗ ಹೊಟ್ಟಿ ಬಿಟ್ಟೈತಿ ನೋಡು,” ಎಂದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಕುಬಸಕ್ಕೆ ಇನ್ನೂ ಐದು ದಿನವಿತ್ತು. ಅವ್ವನ ಬುಟ್ಟಿ ಇಲ್ಲದೆ ಬುತ್ತಿ ಇಡುವುದು ಹೇಗೆ? ಅವ್ವ ವಿಡಿಯೋದಲ್ಲಿ ನೋಡುತ್ತಿರುತ್ತಾಳೆ. ನಾನೇ ಸರಿಮಾಡುತ್ತೇನೆಂದು ತೊಡೆ ತಟ್ಟಿದೆ. ಊರಿಂದ ತಂದ ಮೆಂತ್ಯದ ಪುಡಿ ಕಲಸಿ, ಬಿರುಕಿಗೆ ತುಂಬಿ, ಮಸ್ಕಿಯಲ್ಲಿ ಮಾಡುವ ಹಾಗೆ ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಬಂದು ಊಟಕ್ಕೆ ಕೂತೆ. ನಮ್ಮ ಕಡೆ ಬಿಸಿಲಿಗಿಟ್ಟ ವಸ್ತುವನ್ನು ಯಾರೂ ತಿರುಗಿ ನೋಡುವುದಿಲ್ಲ. ಬಿಸಿಲು ಎಲ್ಲಿಗೆ ಹೋದೀತು? ಆ ಊರಿನ ಬಿಸಿಲು ಅರ್ಧ ಗಂಟೆಯಲ್ಲಿ ಹೋಯಿತು. ಗುಡ್ಡದ ಹಿಂದಿನಿಂದ ಮೋಡವೊಂದು ಇಳಿದು, ನಾನು ಎರಡನೆಯ ತುತ್ತು ಎತ್ತುವಷ್ಟರಲ್ಲಿ ಧೋ ಎಂದು ಸುರಿಯಿತು. ಮೇಲೆ ಓಡಿದಾಗ ಗಿಳಿಗಳು ಹಸಿರು ನೀರಾಗಿ ತೂಬಿನತ್ತ ಹೋಗುತ್ತಿದ್ದವು.

“ಅಕ್ಕಾರ, ಇಲ್ಲೆ ಒಣಗಾಕ ಹಾಕಿದ್ದನ್ನ ಬಾಜೂಕ ಕುಂತು ಕಾಯಬೇಕ್ರಿ,” ಎಂದ ಶರಣಪ್ಪ, ತಡವಾಗಿ.

ಆಮೇಲೆ ಅವನು ಗದ್ದೆ ತೋರಿಸಲು ಕರೆದುಕೊಂಡು ಹೋಗಿ ಸಮಾಧಾನ ಮಾಡಿದ. ಹಸಿರು, ಕಾಲುವೆ, ಬೆಳ್ಳಕ್ಕಿ. “ನಮ್ಮ ಸಾಲಗುಂದದ ಕಡೆ ಗದ್ದಿ ಇದ್ದಂಗ ಐತಲ್ರಿ?” ಎಂದು ಅವನು ಕೇಳಿದ್ದು ನನಗಿಂತ ತನ್ನನ್ನೇ ಎನಿಸಿತು. ಅಲ್ಲಿ ದಾರಿಬದಿ ಊಟಕ್ಕೆ ಕೂತವರೆಲ್ಲ ಗುರುತಿಲ್ಲದ ನಮ್ಮನ್ನೂ ಊಟಕ್ಕೆ ಕರೆದರು. ಇದೊಂದು ನಮ್ಮಲ್ಲೂ ಇದೆಯಲ್ಲ ಎಂದು ಖುಷಿಯಾಗಿ ಕೂತೇ ಬಿಡುತ್ತಿದ್ದೆ. ಕರೆಯುವುದು ಬರೀ ಮರ್ಯಾದೆಗೆ ಎಂದು ಶರಣಪ್ಪ ಕಿವಿಯಲ್ಲಿ ಹೇಳಿದ.

ಸಂಜೆ ಪಕ್ಕದ ಮನೆಯ ಹೊಸ ಸೊಸೆ ಬಂದು ನನ್ನ ಕೈ ಹಿಡಿದು ತನ್ನ ಮುಖದತ್ತ ಎಳೆದಳು. ಹಸ್ತ ನೋಡುತ್ತಾಳೆಂದು ಅಂಗೈ ಮೇಲೆ ಮಾಡಿದೆ. ಅವಳು ಅದನ್ನು ತಿರುಗಿಸಿ, ಕೈಯ ಹಿಂಬದಿಯನ್ನು ತನ್ನ ಹಣೆಗೆ ಒತ್ತಿಕೊಂಡಳು.

“ಇಲ್ಲೆ ಹಿರೇರಿಗೆ ಹಿಂಗ ನಮಸ್ಕಾರ ಮಾಡ್ತಾರಕ್ಕ,” ಎಂದು ಗಿರಿಜಾ ನಕ್ಕಳು. “ಕಾಲಿಗೆ ಬೀಳೂದಿಲ್ಲ. ಕೈ ತಗೊಂಡು ಹಣಿಗೆ ಹಚ್ಕೋತಾರ.”

ಆ ಸೊಸೆ ಬುಟ್ಟಿಯ ಗತಿ ನೋಡಿ ತುಟಿಯನ್ನು ಪೂರ್ವದ ಕಡೆಗೆ ಚಾಚಿದಳು. ಅಲ್ಲಿಯವರು ಬೆರಳಿಂದ ತೋರಿಸುವುದಿಲ್ಲ, ತುಟಿಯಿಂದ ತೋರಿಸುತ್ತಾರೆ. ಹೊಸಬರಿಗೆ ಇದು ತಿಳಿಯುವುದಿಲ್ಲವಂತೆ. ನನಗೆ ತಕ್ಷಣ ತಿಳಿಯಿತು, ಮೂರು ತಿಂಗಳ ಭಾನುವಾರಗಳನ್ನೆಲ್ಲ ಅವ್ವನ ಜೊತೆ ಕಳೆದಿದ್ದೆನಲ್ಲ. ಅವಳು ತೋರಿಸಿದ್ದು ಊರ ಪಕ್ಕದ ದೊಡ್ಡ ಕೆರೆಯ ಆಚೆ ದಂಡೆಯ ಪಾಯೆತೆ ಎಂಬ ಊರನ್ನು. ಅಲ್ಲಿ ಮನೆಮನೆಯಲ್ಲಿ ಕಾಗದದ ಗೊಂಬೆ ಮಾಡಿ ಬಣ್ಣ ಹಚ್ಚುತ್ತಾರೆ ಎಂದಳು.

ಪಾಯೆತೆ

ಗಿರಿಜಾ ಬರಬೇಡ ಎಂದರೂ ಬಂದಳು. ಅವಳಿಲ್ಲದೆ ನನಗಲ್ಲಿ ಬಾಯಿಲ್ಲ. ಶರಣಪ್ಪನ ಗೆಳೆಯರ ಕಾರಿನಲ್ಲಿ ಕೆರೆ ಸುತ್ತಿ ಹೋದೆವು. ಕೆರೆ ಎಂದರೆ ಆಚೆ ದಡ ಕಾಣದ ಕೆರೆ, ನನಗೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ನೆನಪಾಯಿತು.

ಪಾಯೆತೆ ಇಕ್ಕಟ್ಟಾದ ಓಣಿಗಳ ಊರು. ಓಣಿಯ ಎರಡೂ ಬದಿ ಕೆಂಪು ಕುದುರೆಗಳು ಒಣಗುತ್ತಿದ್ದವು, ಪ್ರತಿ ಸಾಲಿನ ಪಕ್ಕದಲ್ಲಿ ಆಕಾಶ ನೋಡುತ್ತ ಒಬ್ಬರು ಕೂತಿದ್ದರು. ನಾವು ಹೋದದ್ದು ಲುಸಿಂಗ್ ಎಂಬ ಮುದುಕಿಯ ಮನೆಗೆ. ಹಿರಿಯ ಹೆಂಗಸರನ್ನು ಅಲ್ಲಿ ‘ಅಲಿಂಗ್’ ಎಂದು ಸೇರಿಸಿ ಕರೆಯುತ್ತಾರೆ, ನಾವು ಅಮ್ಮ ಎಂದ ಹಾಗೆ. ಗಿರಿಜಾ ಅವಳ ಕೈಯನ್ನು ಹಣೆಗೊತ್ತಿಕೊಂಡಳು. ನಾನು ಅಭ್ಯಾಸಬಲದಿಂದ ಕಾಲಿಗೆ ಬಾಗಿದೆ. ನನ್ನದೇನೋ ಕೆಳಗೆ ಬಿದ್ದಿದೆಯೆಂದು ಮುದುಕಿಯೂ ಬಗ್ಗಿ ಹುಡುಕಿದಳು.

ಅವರ ಕೆಲಸ ನಮ್ಮದರಂತಲ್ಲ. ಕಟ್ಟಿಗೆಯಲ್ಲಿ ಕೆತ್ತಿದ ಕುದುರೆಯ ಅಚ್ಚಿಗೆ ಕಾಗದದ ಪಟ್ಟಿಗಳನ್ನು ಗಂಜಿಯಂಥ ಅಂಟಿನಲ್ಲಿ ಅದ್ದಿ ಸುತ್ತುತ್ತಾರೆ. ಒಣಗಿದ ಮೇಲೆ ಚಾಕುವಿನಿಂದ ಹೊಟ್ಟೆ ಸೀಳಿ ಅಚ್ಚನ್ನು ಹೊರಗೆ ತೆಗೆದು, ಸೀಳನ್ನು ಮತ್ತೆ ಕಾಗದದಿಂದ ಮುಚ್ಚುತ್ತಾರೆ. ಮುಚ್ಚಿದ ಜಾಗದ ಮೇಲೆ ಮುದುಕಿಯ ಸೊಸೆ ಕೆಂಪು ಬಳಿದು, ಹಳದಿ ಹೂವಿನ ಬಳ್ಳಿ ಬರೆದು ಕುದುರೆಗೆ ಜೀನು ತೊಡಿಸುತ್ತಿದ್ದಳು. ಅವಳ ಕುಂಚ ಕಾಗದದ ಮೇಲೆ ನಿಲ್ಲದೆ ಹೋಗುತ್ತಿದ್ದ ರೀತಿ ನೋಡಿ, ಇಪ್ಪತ್ತೆರಡು ವರ್ಷ ಪಾಠ ಹೇಳಿದ ನನಗೆ ಸ್ವಲ್ಪ ನಾಚಿಕೆಯಾಯಿತು. ಹೊಟ್ಟೆ ಸೀಳುವುದನ್ನು ಗಿರಿಜಾ ನೋಡದಿರಲೆಂದು ನಾನು ಅಡ್ಡ ನಿಂತೆ. ಅವಳು ನನ್ನ ಭುಜದ ಮೇಲಿಂದ ಇಣುಕಿ ನೋಡಿದಳು.

ಅಲಿಂಗ್ ಲುಸಿಂಗ್ ನಮ್ಮ ಬುಟ್ಟಿಯನ್ನು ಮೂಸಿ ಸೀನಿದಳು. ಉದುರಿದ ಚೂರೊಂದನ್ನು ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದಳು. ಕಹಿ ಏಕೆ ಎಂದು ಕೇಳಿದಳು, ಹುಳಕ್ಕೆ ಎಂದೆವು. ತನ್ನ ಗಂಜಿಯೊಳಗೆ ನನ್ನ ಮೆಂತ್ಯದ ಪುಡಿ ಒಂದು ಹಿಡಿ ಹಾಕಿಸಿಕೊಂಡು, ಬುಟ್ಟಿಯ ಒಳಗಿನಿಂದ ಬಿರುಕಿನ ಉದ್ದಕ್ಕೂ ಕಾಗದದ ಪಟ್ಟಿ ಅಂಟಿಸತೊಡಗಿದಳು. ಒಳಗಿನಿಂದ ಅಂಟಿಸಿ ಹೊರಗಿನಿಂದ ಒತ್ತಬೇಕು. ಒತ್ತಲು ಅವಳು ಬಲಗೈಯನ್ನು ಬುಟ್ಟಿಯ ಮೈಮೇಲಿಟ್ಟಳು. ನನ್ನ ಸೀಮೆಸುಣ್ಣ ಮಳೆಗೆ ತೊಳೆದುಹೋಗಿ ತಗ್ಗುಗಳೆಲ್ಲ ಮತ್ತೆ ಎದ್ದಿದ್ದವು. ಅವು ಬೆರಳಿನ ಗುರುತುಗಳು.

ಬಿರುಕಿನ ಕೆಳಗಿನ ನಯವಾದ ಅರ್ಧದಲ್ಲಿ ಅವಳ ಬಲಗೈ ಬೆರಳು ಮೆಲ್ಲಗೆ ಕೂತವು. ಬಿರುಕಿಗಿಂತ ಮೇಲಿನ ತಗ್ಗುಗಳಲ್ಲಿ ಕೂರಲಿಲ್ಲ. ಹೊರಳಿಸಿ ನೋಡಿದಳು, ಊಹೂಂ. ಆಮೇಲೆ ಎಡಗೈ ಇಟ್ಟಳು. ಐದೂ ಬೆರಳು ಐದೂ ತಗ್ಗಿನಲ್ಲಿ ಸರಿಯಾಗಿ ಕೂತವು. ಗಿರಿಜಾಳಿಗೆ ಏನೋ ಹೇಳಿದಳು.

“ಇದನ್ನ ಇಬ್ಬರು ಮಾಡ್ಯಾರೇನು ಅಂತ ಕೇಳಾಕತ್ತಾಳ,” ಎಂದಳು ಗಿರಿಜಾ.

“ಹೌದನ್ನು. ಮ್ಯಾಲಿಂದು ಚಿಗವ್ವ ಮಾಡ್ಯಾಳ.”

“ನಿಮ್ಮ ಚಿಗವ್ವ ಎಡಚಿ ಏನು ಅಂತಾಳ.”

“ಇಲ್ಲಲ್ಲ,” ಎಂದೆ. ಚಿಗವ್ವ ಎಲ್ಲವನ್ನೂ ಬಲಗೈಯಿಂದಲೇ ಮಾಡುತ್ತಾಳೆ.

ಅಷ್ಟರಲ್ಲಿ ಸೆರಗಿನೊಳಗಿದ್ದ ಅವ್ವನ ಎಡಗೈ ಕಣ್ಮುಂದೆ ಬಂತು. ಗಿರಿಜಾ ನನ್ನ ಮುಖ ನೋಡಿದಳು, ನಾನು ಅವಳದು. ಅವಳೇ ಮಸ್ಕಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಬುಟ್ಟಿಯ ಮೇಲಿನ ಅರ್ಧ ನೀನೇ ಮಾಡಿದ್ದೋ ಎಂದು ಕೇಳಿದೆ.

“ನಾ ಎಲ್ಲಿ ಮಾಡೀನಿ ಬೇ?” ಎಂದಳು ಚಿಗವ್ವ. “ನಾ ರದ್ದಿ ಕುಟ್ಟಿ ಕೊಟ್ಟೀನಿ, ಗಡಿಗಿ ಹಿಡಕೊಂಡು ಕುಂತೀನಿ, ಅಷ್ಟ. ನಿಮ್ಮವ್ವ ದಿನಾ ನಾಕ ಬೆರಳ ಅಗಲ ಮೆತ್ತತಿದ್ಲು. ಎಡಗೈಲೆ. ಬೆವರು ಹರೀತಿತ್ತು. ನಿಂಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು ನೋಡು.”

“ಯಾಕ ಚಿಗವ್ವ?” ಎಂದೆ.

“ಕುಬಸದ ಬುಟ್ಟಿ ಅಲ್ಲೇನು. ಎಡಗೈಲೆ ಮಾಡಿದ್ದು ಅಂದ್ರ ಮಂದಿ ಏನಂದಾರು? ಕೂಸಿಗೆ ಛಲೋ ಅಲ್ಲ ಅಂತ ಹೆದರಿದ್ಲು. ಹಂಗಂತ ಬಿಡಾಕೂ ಮನಸ ಬರಲಿಲ್ಲ ಆಕಿಗೆ.”

ನಮ್ಮಲ್ಲಿ ಎಡಗೈಯಿಂದ ಅರಿಷಿಣ ಕೊಡುವುದಿಲ್ಲ, ಪ್ರಸಾದ ತೆಗೆದುಕೊಳ್ಳುವುದಿಲ್ಲ. ಸಣ್ಣವರಿದ್ದಾಗ ಎಡಗೈ ಮುಂದೆ ಮಾಡಿದರೆ ಅವ್ವನೇ ಅದರ ಮೇಲೊಂದು ಕೊಡುತ್ತಿದ್ದಳು. ಆ ಅವ್ವ ಅರವತ್ತೆಂಟನೆಯ ವಯಸ್ಸಿನಲ್ಲಿ ಕದ್ದು ಮುಚ್ಚಿ ಎಡಗೈಗೆ ಕೆಲಸ ಕಲಿಸಿದ್ದಳು. ನಾನು ಅವಳ ಮುಂದೆಯೇ ನಿಂತು ಅದನ್ನು ಹೊಲದ ಹೆಂಟೆಗೆ ಹೋಲಿಸಿ, ಸೀಮೆಸುಣ್ಣ ತುಂಬಿ, ಉಜ್ಜಿ ಹಾಕಿದ್ದೆ. ಅವ್ವನಿಗೆ ಆ ದಿನ ಎಷ್ಟು ನೋವಾಗಿರಬೇಕು. ಕೆಂಪು ಕುದುರೆಗಳ ನಡುವೆ ಕೂತು ನಾನು ಅತ್ತೆ, ಮುಚ್ಚುಮರೆಯಿಲ್ಲದೆ ಅತ್ತೆ. ಗಿರಿಜಾ ಈ ಸಲ ನಗಲಿಲ್ಲ.

ಅಲಿಂಗ್ ಲುಸಿಂಗ್ ತನ್ನ ಕೆಲಸ ನಿಲ್ಲಿಸಲಿಲ್ಲ. ಅಂಟು ಒಣಗುವ ಮುಂಚೆ ಒತ್ತಬೇಕಲ್ಲ. ಎಡಗೈಯಿಂದ ಒತ್ತುತ್ತಲೇ ಇದ್ದಳು.

ಬುಟ್ಟಿ ಒಣಗಲು ಎರಡು ದಿನ ಬೇಕಿತ್ತು. ಎರಡೂ ದಿನ ನಾನು ಹೋಗಿ ಅದರ ಪಕ್ಕದಲ್ಲಿ ಆಕಾಶ ನೋಡುತ್ತ ಕೂತೆ. ಎರಡನೆಯ ದಿನ ಸಂಜೆ ಸೊಸೆ ಬಿಳಿ ಪುಡಿಯ ಬಟ್ಟಲನ್ನು ತಂದಿಟ್ಟಳು, ತಗ್ಗು ತುಂಬಲೆಂದು. ನಾನು ಬಟ್ಟಲನ್ನು ಹಿಂದಕ್ಕೆ ಸರಿಸಿದೆ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಎರಡೂ ಹುಬ್ಬು ಏರಿಸಿದಳು. ಈಗ ನನಗೆ ಅರ್ಥವಾಯಿತು.

ಮೈಗೆಲ್ಲ ಅವರ ಕುದುರೆಯ ಕೆಂಪನ್ನೇ ತೆಳ್ಳಗೆ ಹಚ್ಚಿದೆ. ಮೇಲಿನ ಅರ್ಧದಲ್ಲಿ ಎಲ್ಲೆಲ್ಲಿ ಅವ್ವನ ಬೆರಳು ಊರಿತ್ತೋ ಅಲ್ಲೆಲ್ಲ ಹಳದಿ ತುಂಬಿದೆ. ಐದು ತಗ್ಗು, ಐದು ಎಸಳು. ಸುತ್ತು ಮುಗಿಸುವಾಗ ಬಾಯಂಚಿನ ತುಂಬ ಹೂಗಳಾಗಿದ್ದವು. ಬಾಯಂಚಿಗೆ ಹತ್ತಿರವಾದಂತೆ ಹೂಗಳು ಒಂದಕ್ಕಿಂತ ಒಂದು ಸರಿಯಾಗುತ್ತ ಬಂದಿದ್ದವು. ಎಡಗೈಗೆ ಅಷ್ಟರಲ್ಲಿ ಕೆಲಸ ಹಿಡಿದಿತ್ತು.

ಕುಬಸ

ಹಸಿರು ಸೀರೆ, ಹಸಿರು ಬಳೆ, ಮಲ್ಲಿಗೆ ಸಿಗದೆ ಸಂಪಗಿಟಾ ಎಂಬ ಅಲ್ಲಿಯ ಹೂವು. ಅದೂ ಮಲ್ಲಿಗೆಯೇ, ಹೆಸರು ಬೇರೆ. ನೆರೆಯವರೆಲ್ಲ ಬಂದರು. ಎಳ್ಳು ಹೋಳಿಗೆ ತಿಂದು ಇನ್ನೊಂದು ಕೇಳಿದರು, ಶೇಂಗಾ ಚಟ್ನಿ ತಿಂದು ನೀರು ಕೇಳಿದರು. ಆರತಿಯ ಹಾಡು ಬರುವವಳು ನಾನೊಬ್ಬಳೇ, ನನ್ನ ರಾಗವೂ ಅಷ್ಟಕ್ಕಷ್ಟೇ. ಪಕ್ಕದ ಮನೆಯ ಸೊಸೆ ಅರ್ಥವಾಗದಿದ್ದರೂ ದನಿಗೂಡಿಸಿ ಕಾಪಾಡಿದಳು.

ಚಿಗವ್ವ ಅಲ್ಲಿಂದ ಫೋನು ಹಿಡಿದಿದ್ದಳು. ಪರದೆಯ ತುಂಬ ಅವ್ವನ ಮುಖ. ಗಿರಿಜಾ ಬುತ್ತಿ ತುಂಬಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಫೋನಿನ ಹತ್ತಿರ ತಂದಳು. ಅವ್ವ ಹಳದಿ ಹೂಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ತಿಳಿಯಿತು.

“ಬ್ಯಾಡಾಗಿತ್ತು... ತೋರಸೂದು,” ಎಂದಳು, ಒಂದೊಂದೇ ಮಾತು ಎಳೆದು.

“ಅವ್ವ, ಇದರಾಗ ಕೂಸಿನ ಅಂಗಿ ಇಡತೀನಿ,” ಎಂದಳು ಗಿರಿಜಾ. “ಹುಟ್ಟಿದ ಮ್ಯಾಲೆ ದಿನಾ ಒಂದೊಂದು ಹೂವಿನ್ಯಾಗ ಅದರ ಕೈ ಇಟ್ಟು ತೋರಸ್ತೀನಿ, ಇದು ನಿಮ್ಮ ಅಜ್ಜಿ ಕೈ ಅಂತ.”

ಅವ್ವ ಮುಖ ಆಚೆ ತಿರುಗಿಸಿದಳು. ಚಿಗವ್ವ ಫೋನು ಕೆಳಗಿಟ್ಟಳು, ಪರದೆಯ ಮೇಲೆ ಮಸ್ಕಿ ಮನೆಯ ಜಂತಿ ಮಾತ್ರ ಕಾಣುತ್ತಿತ್ತು.

ಮತ್ತೆ ಮಸ್ಕಿ

ಬರುವಾಗ ಅಲಿಂಗ್ ಲುಸಿಂಗ್ ಒಂದು ಕುದುರೆ ಕೊಟ್ಟಿದ್ದಳು, ಬಣ್ಣ ಹಚ್ಚದ್ದು. ನೀನೇ ಹಚ್ಚಿಕೋ ಎಂದಿದ್ದಳು. ಅದನ್ನು ವಿಮಾನದಲ್ಲಿ ಯಾರ ಕೈಗೂ ಕೊಡದೆ ಕಾಲುಗಳ ನಡುವೆ ಇಟ್ಟುಕೊಂಡು ತಂದೆ. ಹೈದರಾಬಾದಿನಿಂದ ರಾಯಚೂರು, ಅಲ್ಲಿಂದ ಸಿಂಧನೂರು, ಬಸ್ಸು ಬದಲಿಸಿ ಮಸ್ಕಿ. ಲಿಂಗಸುಗೂರಿನ ನನ್ನ ಮನೆಗೆ ಇನ್ನೂ ಹೋಗಿರಲಿಲ್ಲ.

ಅವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ನೋಡಿದ್ದೇ ಎಡಗೈ ಸೆರಗಿನೊಳಗೆ ಹೋಯಿತು. ನಾನು ಕುದುರೆಯನ್ನು ಕೆಳಗಿಟ್ಟು, ಅವಳ ಮುಂದೆ ಕೂತು, ಸೆರಗು ಸರಿಸಿ ಆ ಕೈಯನ್ನು ಹೊರಗೆ ತೆಗೆದೆ. ಅವ್ವ ಎಳೆದುಕೊಳ್ಳಲು ನೋಡಿದಳು. ಬಿಡಲಿಲ್ಲ. ಬೆರಳ ಸಂದಿಯಲ್ಲಿ ಇನ್ನೂ ಮೆಂತ್ಯದ ವಾಸನೆ ಇದ್ದ ಹಾಗಿತ್ತು, ಅಥವಾ ನನಗೆ ಹಾಗೆನಿಸಿತು. ಕೈಯ ಹಿಂಬದಿಯನ್ನು ನನ್ನ ಹಣೆಗೆ ಒತ್ತಿಕೊಂಡೆ.

“ಇದೇನ ಬೇ, ಎಡಗೈ ಅದು,” ಎಂದಳು.

“ಗೊತ್ತೈತಿ.”

ಕೈ ಹಣೆಯ ಮೇಲೇ ಇತ್ತು. ಅವ್ವ ಕೇಳಿದಳು, “ಒರಟ... ಆಗಿತ್ತಲ್ಲ?”

“ಹೌದವ್ವ, ಒರಟ ಆಗಿತ್ತು,” ಎಂದೆ. “ಹಂಗ ಬಿಟ್ಟು ಬಂದೀನಿ.”

ಅವಳ ಬಾಯಿಯ ಅರ್ಧ ನಕ್ಕಿತು. ಕೈಯನ್ನು ಸೆರಗಿನೊಳಗೆ ಒಯ್ಯಲಿಲ್ಲ. ನನ್ನ ತೊಡೆಯ ಮೇಲೆ ಬಿಟ್ಟು, ತುಟಿ ಚಾಚಿ ಮೂಲೆಯಲ್ಲಿದ್ದ ಗಡಿಗೆಯನ್ನು ತೋರಿಸಿದಳು. ನಾನು ಅವಳಿಗೆ ಆಸರೆ ಕೊಟ್ಟು ಅಂಗಳದಲ್ಲಿ ಕೂರಿಸಿ, ಗಡಿಗೆಯನ್ನು ತಂದು, ಓಣಿಗೆ ಕಾಣುವ ಹಾಗೆ, ಅವಳ ಎಡಗಡೆಗೆ ಬೋರಲು ಹಾಕಿದೆ.